ಇಲ್ಲದ ಕೇಳುಗನ ಪರವಾಗಿ

ಸಿನಿಮಾದಲ್ಲಿ ನಿರ್ಮಾಪಕ ಎಂದರೆ ಹಣ ಹೂಡುವವರು. ಹಾಗಾಗಿ ‘ಮ್ಯೂಸಿಕ್ ಪ್ರೊಡ್ಯೂಸರ್’ ಎಂದಾಗಲೂ ನಮಗೆ ಮೊದಲು ದುಡ್ಡೇ ನೆನಪಾಗುತ್ತದೆ. ಆದರೆ ಆಲ್ಬಂ ತಯಾರಿಸುವಾಗ ಅವರ ಮುಖ್ಯ ಕೆಲಸ ಬೇರೆ. ಹಾಡುವ ಕೋಣೆಯಲ್ಲಿ ಕೇಳುಗ ಇರುವುದಿಲ್ಲ. ಆತ ಎಲ್ಲೋ ದೂರದಲ್ಲಿ, ಎಷ್ಟೋ ತಿಂಗಳ ನಂತರ ಅದನ್ನು ಕೇಳುತ್ತಾನೆ. ಆ ಇಲ್ಲದ ಕೇಳುಗನ ಪರವಾಗಿ ಅಲ್ಲಿ ಕೂತು ಕೇಳುವವರೇ ಪ್ರೊಡ್ಯೂಸರ್.

ಆ ಹೆಸರು ಬಳಕೆಗೆ ಬರುವ ಮೊದಲೇ ಆ ಕೆಲಸ ನಮ್ಮ ದೇಶಕ್ಕೆ ಬಂದಿತ್ತು. 1902ರ ಕೊನೆಯಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಹಡಗಿನಲ್ಲಿ ಕಲ್ಕತ್ತೆಗೆ ಬಂದಿಳಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಅವರು ಇಟಲಿಯ ಮಿಲಾನ್‌ನಲ್ಲಿ ಕರೂಸೊ ಎಂಬ ಯುವ ಗಾಯಕನಿಗೆ 100 ಪೌಂಡ್ ಕೊಟ್ಟು ಹತ್ತು ಹಾಡು ಮುದ್ರಿಸಿಕೊಂಡಿದ್ದರು. ಆದರೆ ನಮ್ಮ ಭಾಷೆ, ರಾಗ, ತಾಳ ಒಂದೂ ಅವರಿಗೆ ಗೊತ್ತಿರಲಿಲ್ಲ. ಕಲ್ಕತ್ತೆಯ ನಾಟಕ ಮಂದಿರಗಳಿಗೂ ಶ್ರೀಮಂತರ ಮನೆಯ ಕಛೇರಿಗಳಿಗೂ ಹೋಗಿ, ಕೇಳಿ, ಕಲಾವಿದರನ್ನು ಆರಿಸಿದರು. ಹೀಗೆ ಸಿಕ್ಕವರೇ ಗೌಹರ್ ಜಾನ್.

ಆಗ ಮೈಕ್ ಇರಲಿಲ್ಲ. ಗೋಡೆಯಿಂದ ಹೊರಚಾಚಿದ ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು. ಆ ದನಿಯ ಕಂಪನ ಮೇಣದ ತಟ್ಟೆಯ ಮೇಲೆ ಗೀರಾಗುತ್ತಿತ್ತು. ತಾರಸ್ಥಾಯಿಗೆ ಹೋದಾಗ ಗಾಯಕರು ತುಸು ಹಿಂದೆ ಸರಿಯಬೇಕು, ಮಂದ್ರಕ್ಕೆ ಇಳಿದಾಗ ಹತ್ತಿರ ಬರಬೇಕು. ಪಕ್ಕವಾದ್ಯದವರು ಎಲ್ಲಿ, ಎಷ್ಟು ದೂರದಲ್ಲಿ ಕೂರಬೇಕು ಎಂಬುದನ್ನೂ ಮೊದಲೇ ತೀರ್ಮಾನಿಸಬೇಕು. ತಪ್ಪಾದರೆ ಆ ಮೇಣದ ತಟ್ಟೆ ವ್ಯರ್ಥ.

ಇನ್ನೂ ದೊಡ್ಡ ಕಟ್ಟುಪಾಡು ಸಮಯದ್ದು. ಒಂದು ತಟ್ಟೆಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ರಾಗವನ್ನು ಬೆಳೆಸುವ ಪದ್ಧತಿಯವರಿಗೆ ಇದು ಕತ್ತರಿ ಹಾಕಿದಂತೆಯೇ ಸರಿ. ಹಲವು ಉಸ್ತಾದರು ಯಂತ್ರದ ಮುಂದೆ ಹಾಡಲು ಒಪ್ಪಲಿಲ್ಲ. ಗೌಹರ್ ಜಾನ್ ಮಾತ್ರ ಆಲಾಪ, ಸಾಹಿತ್ಯ, ತಾನ್ ಎಲ್ಲವನ್ನೂ ಆ ಮೂರು ನಿಮಿಷದೊಳಗೆ ಕೂರಿಸುವ ಬಗೆ ಕಂಡುಕೊಂಡರು. ಹಾಡು ಮುಗಿದೊಡನೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಅದು ಜಂಭವಲ್ಲ. ತಟ್ಟೆಗಳ ಅಚ್ಚು ಆಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾವ ತಟ್ಟೆ ಯಾರದು ಎಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಿತ್ತು.

ಮುಂದೆ ದೇಶವೆಲ್ಲ ಹೆಸರಾದ ಗೌಹರ್ ಜಾನ್, ಕೊನೆಗಾಲದಲ್ಲಿ ಕಷ್ಟಕ್ಕೆ ಸಿಲುಕಿ, 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದರು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಅವರ ದನಿ ಮಾತ್ರ ಇಂದಿಗೂ ಕೇಳಸಿಗುತ್ತದೆ.

‘ಆಲ್ಬಂ’ ಎಂಬ ಹೆಸರೂ ಆ ಕಾಲದ್ದೇ. ಹಲವು ತಟ್ಟೆಗಳನ್ನು ಫೋಟೋ ಆಲ್ಬಂನಂಥ ಪುಸ್ತಕದಲ್ಲಿ ಜೋಡಿಸಿ ಮಾರುತ್ತಿದ್ದರು. 1948ರಲ್ಲಿ ಲಾಂಗ್ ಪ್ಲೇ ತಟ್ಟೆ ಬಂದು, ಒಂದು ಬದಿಗೇ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಸಿತು. ಆಗ ಪ್ರೊಡ್ಯೂಸರ್‌ಗೆ ಹೊಸ ಹೊಣೆ ಬಿತ್ತು: ಯಾವ ಹಾಡು ಮೊದಲು, ಯಾವುದು ಕೊನೆಗೆ, ಯಾವುದನ್ನು ಬಿಡಬೇಕು?

ಗೈಸ್‌ಬರ್ಗ್ ಅವರ ಕಂಪನಿ 1931ರಲ್ಲಿ ಇನ್ನೊಂದರೊಡನೆ ಸೇರಿ ಇಎಂಐ ಆಯಿತು. ಅಲ್ಲೇ ಕೆಲಸಕ್ಕಿದ್ದವರು ಬೀಟಲ್ಸ್ ತಂಡದ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್. ಆ ಹುಡುಗರು ‘ಪ್ಲೀಸ್ ಪ್ಲೀಸ್ ಮಿ’ ಹಾಡನ್ನು ಮೊದಲು ತಂದಾಗ ಅದು ನಿಧಾನಗತಿಯಲ್ಲಿತ್ತು. ವೇಗ ಹೆಚ್ಚಿಸಿ ಎಂದರು ಮಾರ್ಟಿನ್, ಹಾಡು ಗೆದ್ದಿತು. ಅದೇ ಹೆಸರಿನ ಆಲ್ಬಂಗೆ 1963ರ ಫೆಬ್ರವರಿ 11ರಂದು ಒಂದೇ ದಿನದಲ್ಲಿ ಹತ್ತು ಹಾಡು ಮುದ್ರಿಸಿದರು. 1965ರ ‘ಯೆಸ್ಟರ್‌ಡೇ’ ಹಾಡಿಗೆ ನಾಲ್ಕು ತಂತಿವಾದ್ಯ ಸಾಕು ಎಂಬ ಸಲಹೆಯೂ ಅವರದೇ. ರಾಗ ಕಟ್ಟಿದ್ದು ಅವರಲ್ಲ, ಹಾಡಿದ್ದೂ ಅವರಲ್ಲ. ಆದರೂ ನಾವು ಕೇಳುವ ರೂಪ ಆ ಹಾಡುಗಳಿಗೆ ಬಂದದ್ದು ಅವರ ಕಿವಿಯಿಂದ.

ಕನ್ನಡದಲ್ಲಿ ಇದೇ ಬಗೆಯ ತಿರುವು 1978ರ ‘ನಿತ್ಯೋತ್ಸವ’ ಕ್ಯಾಸೆಟ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದರು. ಪುಸ್ತಕದಲ್ಲೂ ವೇದಿಕೆಯಲ್ಲೂ ಇದ್ದ ಕವಿತೆ ಮನೆಯ ಟೇಪ್ ರೆಕಾರ್ಡರಿಗೆ ಬಂತು. ಆಮೇಲಿನ ವರ್ಷಗಳಲ್ಲಿ ಕೊಲ್ಲಿಗೆ ಹೊರಟವರ ಪೆಟ್ಟಿಗೆಗಳಲ್ಲಿ ಉಪ್ಪಿನಕಾಯಿ ಜಾಡಿಯ ಪಕ್ಕ ಭಾವಗೀತೆಯ ಕ್ಯಾಸೆಟ್ಟೂ ಇರುತ್ತಿತ್ತು.

ಇಂದು ಒಂದು ಲ್ಯಾಪ್‌ಟಾಪ್ ಇದ್ದರೆ ಆಲ್ಬಂ ಮಾಡಬಹುದು. ಸಮಯದ ಕಟ್ಟುಪಾಡಿಲ್ಲ, ಮೇಣ ಹಾಳಾಗುವ ಭಯವೂ ಇಲ್ಲ. ಆದರೂ ಇದು ಸಾಕು, ಇದು ಹೆಚ್ಚಾಯಿತು, ಇನ್ನೊಮ್ಮೆ ಹಾಡಿ ಎಂದು ಹೇಳುವ ಒಬ್ಬರು ಬೇಕೇ ಬೇಕು. ಊರಿನಿಂದ ಇಷ್ಟು ದೂರ ಕೂತು ಹಾಡು ಕೇಳುವ ನಮ್ಮಂಥವರ ಪರವಾಗಿ ಆ ಕೋಣೆಯಲ್ಲಿ ಇರುವವರು ಅವರೊಬ್ಬರೇ.