ಬಿಸಿಲಿಗೆ ಮಾಸುವ ಕಡಲು

ಕೊಚ್ಚಿಯ ಕಾಕ್ಕನಾಡಿನಿಂದ ಪಶ್ಚಿಮಕ್ಕೆ ಹೊರಟರೆ ಮೊದಲು ಹಿನ್ನೀರು, ಆಮೇಲೆ ಅರಬ್ಬೀ ಸಮುದ್ರ. ಮಳೆಗಾಲ ಮುಗಿಯುವ ಹೊತ್ತಿಗೆ ಇಲ್ಲಿನ ಬೆಳಕು ಗಳಿಗೆಗೊಂದು ಬಣ್ಣ. ಅದರ ಹಿಂದೆ ಓಡಲು ಎಣ್ಣೆಬಣ್ಣಕ್ಕೆ ಪುರುಸೊತ್ತು ಸಾಲದು. ಜಲವರ್ಣಕ್ಕೆ ಆ ಅವಸರವೇ ಒಗ್ಗುತ್ತದೆ.

ವೈಸ್‌ರಾಯ್ ನಾರ್ತ್‌ಬ್ರೂಕ್ ಆಹ್ವಾನದ ಮೇಲೆ ಭಾರತಕ್ಕೆ ಬಂದಿದ್ದ ಎಡ್ವರ್ಡ್ ಲಿಯರ್ 1874ರಲ್ಲಿ ಮಲಬಾರ್ ಕರಾವಳಿಗೂ ಬಂದರು. ನಮಗೆ ಅವರು ತಲೆಬುಡವಿಲ್ಲದ ತಮಾಷೆ ಪದ್ಯಗಳ ಕವಿ. ಅವರ ಹೊಟ್ಟೆಪಾಡು ಮಾತ್ರ ಭೂದೃಶ್ಯ ಚಿತ್ರಣ. ನಿಂತಲ್ಲೇ ಪೆನ್ಸಿಲಿನಲ್ಲಿ ಗೀಚಿ, ಎಲ್ಲಿ ಯಾವ ಬಣ್ಣವೆಂದು ಚಿತ್ರದ ಮೇಲೆಯೇ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಶಾಯಿ, ಬಣ್ಣ ಆಮೇಲೆ ಬಿಡುವಾದಾಗ.

ಸಡಿಲ ಕೈಯ ಜಲವರ್ಣದಲ್ಲಿ ಬೆಳಕೆಂದರೆ ಬಣ್ಣವಲ್ಲ, ಬಣ್ಣ ಹಚ್ಚದೆ ಬಿಟ್ಟ ಕಾಗದ. ತೆಳುವಾದ ನೀಲಿಯನ್ನು ಹಾಯ್ದು ಹೋದ ಬೆಳಕು ಬಿಳಿ ಹಾಳೆಗೆ ತಾಗಿ ಮರಳಿ ಕಣ್ಣಿಗೆ ಬರುತ್ತದೆ. ಅರೆ ಒಣಗಿದ ಕುಂಚವನ್ನು ಉರುಟು ಕಾಗದದ ಮೇಲೆ ಸರ್ರನೆ ಎಳೆದರೆ ತಗ್ಗುಗಳು ಬಿಳಿಯಾಗಿಯೇ ಉಳಿದು ಅಲೆಯ ಮಿನುಗಾಗುತ್ತವೆ. ತಿದ್ದಲು ಹೋದಿರೋ, ಕಡಲು ಕೆಸರು.

ಇಷ್ಟು ತೆಳುವಾದ ಬಣ್ಣಕ್ಕೆ ಆಯುಷ್ಯ ಕಡಿಮೆ. ಹಳೆಯ ಜಲವರ್ಣಗಳು ಗೋಡೆಯ ಮೇಲೆ ಮಾಸುತ್ತಿವೆ ಎಂದು 1886ರಲ್ಲಿ ಜೆ.ಸಿ. ರಾಬಿನ್ಸನ್ ಲಂಡನ್ನಿನ ಪತ್ರಿಕೆಯಲ್ಲಿ ದೂರಿದಾಗ ದೊಡ್ಡ ಜಗಳವೇ ನಡೆಯಿತು. ರಸ್ಕಿನ್ ಅವರೂ ವಾದಕ್ಕಿಳಿದರು. ಅದರ ಬೆನ್ನಿಗೇ ಪ್ರಯೋಗ ನಡೆಸಿದ ರಸೆಲ್ ಮತ್ತು ಆಬ್ನಿ 1888ರಲ್ಲಿ ವರದಿ ಕೊಟ್ಟರು: ಕೆಲವು ಬಣ್ಣಗಳನ್ನು ಬೆಳಕು ನಿಜಕ್ಕೂ ತಿನ್ನುತ್ತದೆ, ತೇವದ ಗಾಳಿ ಜೊತೆಗಿದ್ದರೆ ಇನ್ನೂ ಬೇಗ. ಕೇರಳದ ಕರಾವಳಿಯಲ್ಲಿ ಬಿಸಿಲಿಗೂ ಬರವಿಲ್ಲ, ತೇವಕ್ಕೂ ಬರವಿಲ್ಲ! ಹಳೆಯ ಚಿತ್ರಗಳ ಮೋಡಗಳಲ್ಲಿ ಕಾರಣವಿಲ್ಲದ ಕೆಂಪು ಕಂಡರೆ ಸಂಜೆಯೆಂದು ನಂಬಬೇಕಿಲ್ಲ. ಇಂಡಿಗೊ ಹಾರಿಹೋಗಿ, ಅದರೊಡನೆ ಬೆರೆಸಿದ್ದ ಮಣ್ಣುಗೆಂಪು ಉಳಿದಿರಬಹುದು.

ಮಲಬಾರಿನ ನೀರು, ತೆಂಗು, ಕಾಲುವೆಗಳನ್ನು ಜಲವರ್ಣದಲ್ಲಿ ಬರೆದೇ ಹೆಸರಾದ ಕೆ.ಸಿ.ಎಸ್. ಪಣಿಕ್ಕರ್ (1911–1977) 1960ರ ದಶಕಕ್ಕೆ ಅಕ್ಷರ, ಸಂಕೇತಗಳ ಕಡೆ ಹೊರಳಿದರು. ತಿರುವನಂತಪುರದ ಮ್ಯೂಸಿಯಂ ಆವರಣದಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ವಿಮರ್ಶಕರಿಗೆ ಆ ಕೊನೆಯ ಘಟ್ಟವೇ ದೊಡ್ಡದು. ಮೊದಲಿನದು ಕೈ ಪಳಗಿಸಿಕೊಂಡ ಕಾಲವೆಂಬ ಧೋರಣೆ. ಅದು ಅನ್ಯಾಯ. ಆ ನೀರಿನ ಮೇಲಿನ ಬಿಸಿಲು ಅಭ್ಯಾಸದಿಂದಷ್ಟೇ ಬರುವಂಥದ್ದಲ್ಲ.

ಕಾಗದದ ಚಿತ್ರಗಳಿಗೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೇಡವೆಂಬುದು ಇಂದಿನ ಸಂಗ್ರಹಾಲಯಗಳ ರೂಢಿ. ಹೀಗಾಗಿ ಕಡಲ ಬಿಸಿಲನ್ನು ಮಬ್ಬುಗತ್ತಲಲ್ಲಿ ನಿಂತು, ಕಣ್ಣು ಹೊಂದಿಕೊಂಡ ಮೇಲೆ ನೋಡಬೇಕು. ಲಿಯರ್ ಹಾಳೆಗಳಲ್ಲಾದರೆ ನೀಲಿ ತೆಳುವಾದರೂ ಪೆನ್ಸಿಲಿನ ಅಕ್ಷರ ಮಾಸುವುದಿಲ್ಲ. ಎಲ್ಲಿ ಯಾವ ಬಣ್ಣವಿತ್ತೆಂದು ಓದಿಕೊಳ್ಳಬಹುದು.