ಮಂಗಳೂರಿಗೆ ಸೇರಿದ್ದ ಹವಳದ ದ್ವೀಪಗಳು

ಬೇಸಿಗೆಯ ರಜೆ ಬಂತೆಂದರೆ ಬಯಲುಸೀಮೆಯ ಜನ ತಂಪನ್ನರಸಿ ಉದಕಮಂಡಲಕ್ಕೆ ಹತ್ತಿ ಬರುತ್ತಾರೆ. ಬೆಟ್ಟದ ಮೇಲಿರುವ ನಮ್ಮ ಮನೆಗಳ ಮಕ್ಕಳಿಗಾದರೋ ಕಡಲಿನ ಸೆಳೆತ. ಗೂಡಲೂರಿನಿಂದ ಘಾಟಿಯಿಳಿದು, ಕೊಚ್ಚಿಗೆ ಹೋಗಿ ಹಡಗು ಹತ್ತಿದರೆ ಲಕ್ಷದ್ವೀಪ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹವಳದ ದಿಬ್ಬಗಳ ನಡುವೆ ಮುಳುಗುವ ಸ್ಕೂಬಾ ಪ್ರವಾಸದ ಮಾತು ಈಗ ನಮ್ಮ ಮನೆಗಳಲ್ಲೂ ಕೇಳಿಬರುತ್ತಿದೆ. ಆದರೆ ಆ ದ್ವೀಪಗಳ ಪೈಕಿ ಐದು, ಒಂದೂವರೆ ಶತಮಾನಕ್ಕೂ ಮಿಕ್ಕಿ ಮಂಗಳೂರಿನ ಆಡಳಿತದಲ್ಲಿದ್ದವು ಎಂಬುದು ಅನೇಕರಿಗೆ ತಿಳಿದಿರಲಾರದು.

ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ. ಇವುಗಳನ್ನು ಒಟ್ಟಾಗಿ ಅಮೀನ್‌ದಿವಿ ಎನ್ನುತ್ತಿದ್ದರು. ಮೊದಲು ಇವು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಆ ಆಳ್ವಿಕೆಯಿಂದ ಬೇಸತ್ತ ದ್ವೀಪವಾಸಿಗಳು 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ದ್ವೀಪಗಳು ಮೈಸೂರಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವು ಕಂಪೆನಿಯ ವಶವಾಗಿ ಕೆನರಾ ಜಿಲ್ಲೆಗೆ ಸೇರಿಕೊಂಡವು. ನಮ್ಮ ನೀಲಗಿರಿ ಬೆಟ್ಟಗಳು ಕಂಪೆನಿಯ ಪಾಲಾದದ್ದೂ ಅದೇ ವರ್ಷ, ಅದೇ ಸೋಲಿನಿಂದ. ಬೆಟ್ಟಕ್ಕೂ ದ್ವೀಪಕ್ಕೂ ಇರುವ ಮೊದಲ ನಂಟು ಇದು.

ದ್ವೀಪದ ಬದುಕು ತೆಂಗಿನ ನಾರಿನ ಮೇಲೆ ನಿಂತಿತ್ತು. ಹೆಂಗಸರು ನೆನೆಹಾಕಿದ ಸಿಪ್ಪೆಯನ್ನು ಬಡಿದು ಹುರಿ ಹೊಸೆಯುತ್ತಿದ್ದರು. ಗಂಡಸರು ಅದನ್ನು ಓಡದಲ್ಲಿ ತುಂಬಿ ಮಂಗಳೂರಿಗೆ ತರುತ್ತಿದ್ದರು. ದೋಣಿಗೆ ಮಲಯಾಳದಲ್ಲಿ ‘ಓಡಂ’, ಕನ್ನಡದಲ್ಲಿ ‘ಓಡ’, ಮಾತು ಒಂದೇ. ಹುರಿಯ ವ್ಯಾಪಾರ ಸರಕಾರದ ಏಕಸ್ವಾಮ್ಯವಾಗಿತ್ತು. ಗೊತ್ತುಪಡಿಸಿದ ದರಕ್ಕೆ ಹುರಿಯನ್ನು ಕೊಂಡು, ಬದಲಿಗೆ ಅಕ್ಕಿ ಕೊಡುತ್ತಿದ್ದರು. ಮಳೆಗಾಲದಲ್ಲಿ ಕಡಲು ಕೆರಳಿದರೆ ಓಡಗಳು ದಡ ಸೇರುತ್ತಿದ್ದವು, ದ್ವೀಪಕ್ಕೂ ಕರಾವಳಿಗೂ ಸಂಪರ್ಕ ಕಡಿಯುತ್ತಿತ್ತು. ಅಮೀನಿಯಲ್ಲಿ ಮೊನೆಗಾರನೆಂಬ ಅಧಿಕಾರಿ ಇರುತ್ತಿದ್ದ. ಅವನ ಮೇಲಧಿಕಾರಿ ಮಂಗಳೂರಿನ ಕಲೆಕ್ಟರ್. ಜನರ ಮನೆಮಾತು ಜೆಸೆರಿ ಎಂಬ ಮಲಯಾಳ, ಜಿಲ್ಲೆ ಮಾತ್ರ ದಕ್ಷಿಣ ಕನ್ನಡ. ಮನೆಯ ಮಾತೊಂದು, ಕಚೇರಿಯ ಮಾತೊಂದು ಎಂಬ ಬದುಕು ಗಡಿನಾಡಿನ ನಮಗೆ ಹೊಸದಲ್ಲ.

1956ರ ನವೆಂಬರ್ 1ರಂದು ಈ ನಂಟು ಕಡಿಯಿತು. ಅಂದು ಕಾಸರಗೋಡು ಕೇರಳಕ್ಕೆ ಹೋಯಿತು, ಕೊಳ್ಳೇಗಾಲ ಮೈಸೂರಿಗೆ ಬಂತು, ನೀಲಗಿರಿ ಮದರಾಸಿನಲ್ಲೇ ಉಳಿಯಿತು. ಅಮೀನ್‌ದಿವಿ ಮಂಗಳೂರನ್ನು ಬಿಟ್ಟು, ಮಲಬಾರಿನ ಭಾಗವಾಗಿದ್ದ ಲಕ್ಕದಿವಿ, ಮಿನಿಕಾಯ್ ದ್ವೀಪಗಳೊಡನೆ ಕೇಂದ್ರಾಡಳಿತ ಪ್ರದೇಶವಾಯಿತು. 1964ರವರೆಗೆ ಅದರ ಆಡಳಿತ ಕೇಂದ್ರ ಕೋಳಿಕ್ಕೋಡು, ಆಮೇಲೆ ಕವರತ್ತಿ. 1973ರಲ್ಲಿ ‘ಲಕ್ಷದ್ವೀಪ’ ಎಂಬ ಹೆಸರು ಬಂತು. ಹಳೆಯ ಹೆಸರಿನೊಂದಿಗೆ ಹಳೆಯ ನೆನಪೂ ಮಸುಕಾಯಿತು.

ಪ್ರವಾಸಿಗರ ಕಾಲ ಬಂದದ್ದು ಆ ಬಳಿಕ. ನೀರಿನೊಳಗೆ ಉಸಿರಾಡುವ ಸಾಧನವನ್ನು ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ 1943ರಲ್ಲಿ ರೂಪಿಸಿದ್ದರು. 1988ರಲ್ಲಿ ಅಗತ್ತಿಯಲ್ಲಿ ವಿಮಾನ ನಿಲ್ದಾಣವಾಯಿತು. 1990ರ ದಶಕದಲ್ಲಿ ಕಡಮತ್ತಿನಲ್ಲಿ ಸ್ಕೂಬಾ ತರಬೇತಿ ನಡೆಯತೊಡಗಿತು. ಒಂದು ಕಾಲಕ್ಕೆ ಹುರಿಯ ಓಡ ಹೊರಡುತ್ತಿದ್ದ ದ್ವೀಪದಲ್ಲಿ ಈಗ ಮುಳುಗುವವರ ದೋಣಿ ಹೊರಡುತ್ತದೆ. ಪ್ರತಿ 10 ಮೀಟರ್ ಆಳಕ್ಕೂ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಆದ್ದರಿಂದ ಉಸಿರು ಹಿಡಿಯಬಾರದು, ಅವಸರದಲ್ಲಿ ಮೇಲೇರಬಾರದು, ಹವಳವನ್ನು ಮುಟ್ಟಬಾರದು ಎಂಬ ಪಾಠಗಳನ್ನು ಮೊದಲೇ ಹೇಳಿಕೊಡುತ್ತಾರೆ.

ಹವಳ ಕಲ್ಲಲ್ಲ, ಜೀವಿ. ಅದರ ಮೈಯೊಳಗೆ ನೆಲೆಸಿರುವ ಪಾಚಿಯೇ ಅದಕ್ಕೆ ಅನ್ನ ಮತ್ತು ಬಣ್ಣ. ಕಡಲು ಮಿತಿಮೀರಿ ಬಿಸಿಯಾದರೆ ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. 1998, 2010, 2016 ಹಾಗೂ 2024ರಲ್ಲಿ ಲಕ್ಷದ್ವೀಪ ಈ ಸಂಕಟವನ್ನು ಕಂಡಿದೆ. ಆ ದ್ವೀಪಗಳು ಹವಳದಿಂದಲೇ ಆದವು. ದಿಬ್ಬವೇ ಅಲೆಗಳಿಗೆ ತಡೆಗೋಡೆ. ಅದು ಕುಸಿದರೆ ಪ್ರವಾಸಿ ಬೇರೆ ಊರನ್ನು ಹುಡುಕಿಕೊಂಡಾನು; ಅಮೀನಿಯವನು ಎಲ್ಲಿಗೆ ಹೋದಾನು?

ಈ ಪ್ರಶ್ನೆಯ ಬಿಸಿ ನಮಗೂ ತಟ್ಟಿದೆ. ಹೊರಗಿನವರು ಅನುಮತಿಯಿಲ್ಲದೆ ದ್ವೀಪಕ್ಕೆ ಕಾಲಿಡಬಾರದೆಂಬ ನಿಯಮ 1967ರಲ್ಲೇ ಬಂದಿದೆ. ನೀಲಗಿರಿಗೆ ಬರುವ ವಾಹನಗಳಿಗೂ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬಂತು. ಇನ್ನೊಬ್ಬರ ರಜೆಯ ತಾಣವೇ ನಮ್ಮ ಮನೆಯಾಗಿರುವಾಗ ನೀರು, ದಾರಿ, ಕಾಡುಗಳ ಮೇಲೆ ಬೀಳುವ ಭಾರವನ್ನು ನಮಗೆ ಬೇರೆಯವರು ವಿವರಿಸಬೇಕಿಲ್ಲ.

ಆದುದರಿಂದ ನಮ್ಮ ಮಕ್ಕಳು ಕಡಮತ್ತಿಗೆ ಹೋಗಲಿ, ಮುಳುಗಿ ಮೀನು ನೋಡಿ ಬರಲಿ. ದಡಕ್ಕೆ ಬಂದ ಮೇಲೆ ಅಲ್ಲಿಯ ಹಿರಿಯರೊಡನೆ, ಬಲ್ಲಷ್ಟು ಮಲಯಾಳದಲ್ಲಿ, ಮಂಗಳೂರಿನ ಅಕ್ಕಿಯ ಕಾಲವನ್ನು ಕುರಿತು ಒಂದು ಮಾತು ಕೇಳಲಿ. ಊಟಿಗೆ ಬರುವವರು ನಮ್ಮೊಡನೆ ಹೇಗೆ ನಡೆದುಕೊಳ್ಳಬೇಕೆಂದು ನಾವು ಬಯಸುತ್ತೇವೆಯೋ, ಅಲ್ಲಿ ನಾವೂ ಹಾಗೆಯೇ ನಡೆದುಕೊಂಡರೆ ಸಾಕು.