ಹಾರೈಕೆಯ ಹಾಡು, ಹಬ್ಬದ ಹಾಡು

ನವೆಂಬರ್ 1ರ ರಾಜ್ಯೋತ್ಸವದಂದು ನಮ್ಮ ಸೀಮೆಯಲ್ಲಿ ಕೇಳಿಬರುವ ಗೀತೆಗಳಲ್ಲಿ ‘ಉದಯವಾಗಲಿ’ ಹಿರಿಯದು. ಅದನ್ನು ರಚಿಸಿದವರು ಗದುಗಿನ ಹುಯಿಲಗೋಳ ನಾರಾಯಣರಾಯರು. ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ಜರುಗಿದಾಗ ಅದು ಅಲ್ಲಿ ಮೊಳಗಿತು. ಇಂದು ನಮಗದು ಹಬ್ಬದ ಹಾಡು. ಅಂದು ಹಾಗಿರಲಿಲ್ಲ.

ಅಂದಿನ ನಮ್ಮ ಸೀಮೆಯನ್ನು ನೆನೆಯೋಣ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಹಡಗಲಿಯವರು ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ; ಹರಪನಹಳ್ಳಿಯವರು ದಕ್ಷಿಣಕ್ಕೆ ನಡೆದರೆ ಮೈಸೂರು ಸಂಸ್ಥಾನ; ಹೊಸಪೇಟೆಯ ಆಚೆಯ ದಡದಲ್ಲಿ ನಿಜಾಮರ ರಾಜ್ಯ. ಆಡುವ ನುಡಿ ಒಂದೇ, ಆಳುವ ದೊರೆತನಗಳು ಹಲವು. ಕನ್ನಡ ನಾಡು ಜನರ ನಾಲಗೆಯ ಮೇಲಿತ್ತು, ಭೂಪಟದಲ್ಲಿರಲಿಲ್ಲ. ಆದುದರಿಂದ ಕವಿಯ ‘ಆಗಲಿ’ ಎಂಬ ಮಾತು ಹೊಗಳಿಕೆಯಲ್ಲ, ಬೇಡಿಕೆ. ಪ್ರಭು ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ದೇವರ ರಾಜ್ಯಕ್ಕಾಗಿ ಬೇಡುವಾಗ ನಾವು ಬಳಸುವುದೂ ಇದೇ ಕ್ರಿಯಾರೂಪವನ್ನೇ. ಇನ್ನೂ ಕಾಣದುದನ್ನು ನಂಬಿ ಬೇಡುವವರ ಮಾತು ಅದು.

1949ರಲ್ಲಿ ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆಯಾದಾಗಲೂ ನಮ್ಮ ತಾಲ್ಲೂಕುಗಳು ಮದ್ರಾಸಿನಲ್ಲಿಯೇ ಇದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿತು. ಅದರೊಡನೆ ಬಳ್ಳಾರಿ ಜಿಲ್ಲೆಯೂ ಒಡೆಯಿತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದ ಪಾಲಾದವು. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದು ರಾಜ್ಯಗಳ ಕನ್ನಡ ಜಿಲ್ಲೆಗಳು, ದಕ್ಷಿಣ ಕನ್ನಡ ಮತ್ತು ಕೊಡಗು ಮೈಸೂರಿನೊಡನೆ ಕೂಡಿದವು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ನಮ್ಮವರ ಪಾಲಿಗೆ ಆ ಹಾಡು ನೆರವೇರಿದ ಪ್ರಾರ್ಥನೆಯಾಯಿತು.

ಎಲ್ಲರ ಪಾಲಿಗೂ ಅಲ್ಲ. ರಾಯದುರ್ಗ, ಆದವಾನಿಗಳ ಕನ್ನಡಿಗರು ನಿನ್ನೆಯವರೆಗೆ ನಮ್ಮ ಜಿಲ್ಲೆಯವರೇ ಆಗಿದ್ದರು. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿಯೂ ಕನ್ನಡಿಗರಿದ್ದರು. ಗಡಿಯ ಈಚೆ ಹರ್ಷವಾಗಿ ಕೇಳಿದ ಪದಗಳೇ ಗಡಿಯ ಆಚೆ ಈಡೇರದ ಹಾರೈಕೆಯಾಗಿ ಉಳಿದವು.

ಪವಿತ್ರ ಗ್ರಂಥವನ್ನು ಓದುವ ನಮಗೆ ಇದು ಹೊಸ ಮಾತೇನಲ್ಲ. ಬಾಬಿಲೋನಿನಲ್ಲಿ ಸೆರೆಯಾಳುಗಳಾಗಿದ್ದವರನ್ನು ಸಿಯೋನಿನ ಹಾಡು ಹಾಡಿರೆಂದು ಸೆರೆಹಿಡಿದವರು ಕೇಳಿದಾಗ, ದೇವಾಲಯದಲ್ಲಿ ಆನಂದ ತಂದಿದ್ದ ಆ ಹಾಡೇ ಅವರಿಗೆ ಅಳುವನ್ನು ತಂದಿತೆಂದು 137ನೆಯ ಕೀರ್ತನೆ ಸಾರುತ್ತದೆ. ಹಾಡು ಅದೇ; ಹಾಡುವವರ ನೆಲ ಬೇರೆಯಾಗಿತ್ತು.

2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯಲ್ಲಿ ಇಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಒಂದಾಗಿವೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ನಾಡು ಹುಟ್ಟಿನೊಡನೆ ದೊರೆತ ಸೊತ್ತು. ಅದು ಒಂದು ಕಾಲಕ್ಕೆ ಹಿರಿಯರು ಕಾದು, ಬೇಡಿ ಪಡೆದ ವರವೆಂಬುದನ್ನು ತಿಳಿಸಬೇಕಾದವರು ನಾವು. ಶತಮಾನೋತ್ಸವವನ್ನಾಚರಿಸುವ ಧರ್ಮಕೇಂದ್ರಕ್ಕೆ ಈ ಹೊಣೆ ಇನ್ನೂ ಹೆಚ್ಚಿನದು. ಹಿರಿಯರ ಬೇಡಿಕೆಯನ್ನು ಅರಿತು ಹಾಡಿದ ಮಕ್ಕಳು, ಇನ್ನೂ ಬೇಡುತ್ತಿರುವವರ ದನಿಯನ್ನೂ ಆಲಿಸಬಲ್ಲರು.